ಕಾಣದ ಓಲೆಗಳು

ರಾಯಚೂರು ಜಿಲ್ಲೆಯ ಭೂಪಟವನ್ನು ಬಿಡಿಸಿ ನೋಡುವ ವಾಚಕರಿಗೆ ಒಂದು ಸಂಗತಿಯು ಕೂಡಲೆ ಕಣ್ಣಿಗೆ ಬೀಳುವುದು. ಉತ್ತರದ ಎಲ್ಲೆಗೆ ಕೃಷ್ಣೆ, ದಕ್ಷಿಣದ ಎಲ್ಲೆಗೆ ತುಂಗಭದ್ರೆ. ದೇವದುರ್ಗದ ಸೀಮೆಯು ಒಂದು ಹೊಳೆಯ ದಡಕ್ಕೆ ಹೊಂದಿಕೊಂಡಿದ್ದರೆ ಮಾನವಿಯ ಸೀಮೆಯು ಇನ್ನೊಂದರ ದಡಕ್ಕೆ ಹೊಂದಿಕೊಂಡಿದೆ. ನಡುವೆ ರಾಯಚೂರಿನ ಕೋಟೆ. ಈ ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದವರೂ, ಸುಮಾರು ಇನ್ನೂರು ವರ್ಷಗಳ ಕಾಲ ಕಾದಾಡಿದರು. ಹೊಳೆಯ ಈಚೆಗೆ ಒಬ್ಬನ ದಂಡು, ಆಚೆಗೆ ಇನ್ನೊಬ್ಬನ ದಂಡು ಬೀಡುಬಿಟ್ಟಿರುವಾಗ ಆಚೆಯ ಸುದ್ದಿಯನ್ನು ಈಚೆಗೆ ಮುಟ್ಟಿಸುವುದು ಹೇಗೆ? ಕಡವುಗಳಲ್ಲೆಲ್ಲ ಕಾವಲು, ದೋಣಿಯಿಂದ ಇಳಿದವನ ಗಂಟುಮೂಟೆಗಳನ್ನೆಲ್ಲ ಬಿಚ್ಚಿ ನೋಡುವವರಿರುವರು. ಬೇಹುಗಾರನ ವಿದ್ಯೆಯು ಹುಟ್ಟಿದುದು ಇಂತಹ ಕಡವುಗಳಲ್ಲಿಯೇ.

ಫಿರಿಷ್ತಾ ಎಂಬ ಇತಿಹಾಸಕಾರನು ಹದಿನೇಳನೆಯ ಶತಮಾನದ ಆದಿಯಲ್ಲಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದುಕೊಂಡು ಬರೆದ ಗ್ರಂಥದಲ್ಲಿ ಕೃಷ್ಣಾತೀರದ ಒಂದು ಪ್ರಸಂಗವನ್ನು ವರ್ಣಿಸಿದ್ದಾನೆ. 1398ರಲ್ಲಿ ವಿಜಯನಗರದ ಅರಸನು ಮುದಗಲ್ಲು, ರಾಯಚೂರುಗಳನ್ನು ಹಿಡಿಯಬೇಕೆಂದು ದೊಡ್ಡ ದಂಡಿನೊಡನೆ ಎಡೆದೊರೆಗೆ ಬಂದನು. ಫಿರಿಷ್ತಾನು ಇವನನ್ನು ದೇವರಾಯನೆಂದು ಕರೆದಿದ್ದರೂ ಆಗ ಆಳುತ್ತಿದ್ದವನು ಎರಡನೆಯ ಹರಿಹರನೆಂದು ಇಂದಿನ ಇತಿಹಾಸಜ್ಞರು ತಿಳಿಯುತ್ತಾರೆ. ಎದುರಿಸಲು ಬಂದ ಫಿರೋಜ್ ಶಾಹ ಬಹಮನಿಯು ಉತ್ತರದ ದಡಕ್ಕೆ ಬರುವಷ್ಟರಲ್ಲಿ ಕೃಷ್ಣೆಯು ತುಂಬಿ ಹರಿಯುತ್ತಿದ್ದಳು. ಎದುರುದಡದ ಉದ್ದಕ್ಕೂ ರಾಯನ ಕಾಲಾಳುಗಳು. ದಾಟುವ ದಾರಿ ಕಾಣದೆ ಸುಲ್ತಾನನು ಚಿಂತಿಸುತ್ತಿರಲು, ಕಾಜಿ ಸಿರಾಜ್ ಎಂಬವನು ತಾನು ಕೆಲವರೊಡನೆ ಮುಂದಾಗಿ ದಾಟಿ ರಾಯನ ಪಾಳೆಯದೊಳಗೆ ಗೊಂದಲವನ್ನೆಬ್ಬಿಸುವೆನೆಂದೂ, ಆ ಗೊಂದಲವು ಕಂಡೊಡನೆ ಸುಲ್ತಾನನ ಜನ ಹೊಳೆಯನ್ನು ದಾಟಬೇಕೆಂದೂ ಸೂಚಿಸಿದನು. ಅದಕ್ಕಾಗಿ ತೊಗಲು ಹೊದಿಸಿದ ಇನ್ನೂರು ಬಿದಿರಿನ ಬುಟ್ಟಿಗಳು ಸಿದ್ಧವಾದುವು. ಇವು ನಮ್ಮ ಹರಿಗೋಲುಗಳೇ ಎಂಬುದನ್ನು ಈ ಕಡೆಯ ವಾಚಕರಿಗೆ ಹೇಳಬೇಕಾಗಿಲ್ಲ.

ಕಾಜಿಯೂ ಅವನ ಏಳು ಮಂದಿ ಗೆಳೆಯರೂ ಫಕೀರರ ವೇಷದಲ್ಲಿ ಹೊಳೆಯನ್ನು ದಾಟಿ, ಪಾಳೆಯದ ಅಂಚಿನಲ್ಲಿ ನರ್ತಕಿಯರು ಇಳಿದುಕೊಂಡಿದ್ದ ಕಡೆ ಸೇರಿದರು. ಒಬ್ಬ ನರ್ತಕಿಗೆ ತಾನು ಒಲಿದವನಂತೆ ಕಾಜಿಯು ನಟಿಸಿದನು. ಆ ಸಂಜೆ ರಾಯನ ಮಗನ ಡೇರೆಯಲ್ಲಿ ನಾಟ್ಯವೆಂದೂ, ಹಾಡುವವರು ಬಾರಿಸುವವರ ಹೊರತು ಇತರರಿಗೆ ಪ್ರವೇಶವಿಲ್ಲವೆಂದೂ ಆಕೆ ತಿಳಿಸಿದಳು. ಕಾಜಿಯು ಮದ್ದಳೆಯನ್ನು ತೆಗೆದುಕೊಂಡು ಬಾರಿಸಿ ತೋರಿಸಲು, ಆಕೆ ಮೆಚ್ಚಿ ಜೊತೆಯಲ್ಲಿ ಕರೆದೊಯ್ದಳು. ನಾಟ್ಯವು ರಂಗೇರಿದಾಗ ಕಾಜಿಯೂ ಒಬ್ಬ ಗೆಳೆಯನೂ ಹೆಣ್ಣುಡಿಗೆಯಲ್ಲಿ ಬಂದು ಕಠಾರಿಗಳ ಕೈಚಳಕವನ್ನು ತೋರಿಸುತ್ತ ತೋರಿಸುತ್ತ ರಾಜಕುಮಾರನನ್ನು ಇರಿದು ಕೊಂದರು. ಹೊರಗಿದ್ದವರು ಡೇರೆಯ ಹಗ್ಗಗಳನ್ನು ಕಡಿದರು, ದೀಪಗಳು ಆರಿದುವು, ಕತ್ತಲಲ್ಲಿ ಯಾರು ಯಾರನ್ನು ಕಡಿಯುತ್ತಿರುವರೆಂಬುದೇ ತಿಳಿಯದಾಯಿತು. ಆ ಹೊತ್ತಿಗೆ ಸುಲ್ತಾನನ ಜನ ಹರಿಗೋಲುಗಳಲ್ಲಿ ದಾಟಿಬಂದರು.

ಇನ್ನೂರು ವರ್ಷಗಳ ಅನಂತರ ಬರೆದ ಕಥೆಯಾದುದರಿಂದ ಇದರಲ್ಲಿ ಬಣ್ಣವೂ ಸೇರಿರಬಹುದು. ಆದರೆ ನಮಗೆ, ಎಂದರೆ ಭೌತವಿಜ್ಞಾನವನ್ನು ಬೋಧಿಸುವವರಿಗೆ, ಇದರಲ್ಲಿ ಬೇರೊಂದು ಸ್ವಾರಸ್ಯವಿದೆ. ಕಾಜಿಯು ತನ್ನ ಒಡೆಯನಿಗೆ ಕಳುಹಿಸಿದ ಸಂದೇಶ ಯಾವುದು? ಒಂದು ಅಕ್ಷರವನ್ನೂ ಅವನು ಬರೆಯಲಿಲ್ಲ. ‘ಈಗ ದಾಟಿರಿ’ ಎಂಬುದಷ್ಟೇ ಸುದ್ದಿ. ಅದನ್ನು ಆರಿದ ದೀಪಗಳೂ ಎದ್ದ ಕೂಗೂ ಹೊಳೆಯಾಚೆಗೆ ಮುಟ್ಟಿಸಿದುವು. ಹೊಳೆಯ ಅಗಲವು ಒಂದು ಕಿಲೋಮೀಟರೆಂದು ಹಿಡಿದರೂ ಕೂಗು ಮೂರು ಸೆಕೆಂಡುಗಳಲ್ಲಿ ತಲುಪುವುದು. ದೀಪವಾರಿದ ಸುದ್ದಿಗಾದರೋ ಅಷ್ಟೂ ಹೊತ್ತು ಬೇಡ. 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ನನು ಸುದ್ದಿಯನ್ನು ಅಳೆಯುವ ಗಣಿತವನ್ನು ಪ್ರಕಟಿಸಿದಾಗ, ‘ಹೌದು’ ಅಥವಾ ‘ಇಲ್ಲ’ ಎಂಬ ಎರಡರಲ್ಲೊಂದನ್ನು ತಿಳಿಸುವ ಸುದ್ದಿಯೇ ಅಳತೆಯ ಮೂಲಮಾನವಾಯಿತು. ಅದಕ್ಕೆ ಬಿಟ್ ಎಂದು ಹೆಸರು. ಕಾಜಿಯ ಸಂದೇಶವು ಒಂದೇ ಒಂದು ಬಿಟ್. ಮೊದಲೇ ಮಾತಾಡಿಕೊಂಡಿರುವ ಇಂತಹ ಸನ್ನೆಯನ್ನು ಹಿಡಿಯುವುದು ಅತಿ ಕಷ್ಟ; ಏಕೆಂದರೆ ಕಾವಲಿನವನ ಕೈಗೆ ಸಿಕ್ಕುವ ವಸ್ತುವೇ ಇಲ್ಲ. 1944ರ ಜೂನ್ ತಿಂಗಳಲ್ಲಿ ಮಿತ್ರರಾಷ್ಟ್ರಗಳ ಸೇನೆಯು ಫ್ರಾನ್ಸಿನ ಕರಾವಳಿಯಲ್ಲಿ ಇಳಿಯುವ ಮುನ್ನ ಲಂಡನ್ನಿನ ರೇಡಿಯೋವು ವರ್ಲೇನ್ ಕವಿಯ ಒಂದು ಪದ್ಯದ ಸಾಲುಗಳನ್ನು ಓದಿಸಿತು. ಕೇಳಿದವರಿಗೆಲ್ಲ ಅದು ಪದ್ಯ. ಫ್ರಾನ್ಸಿನ ಭೂಗತ ಹೋರಾಟಗಾರರಿಗೆ ಮಾತ್ರ ರೈಲುಹಳಿಗಳನ್ನು ಕೀಳುವ ಅಪ್ಪಣೆ.

ಒಂದು ಬಿಟ್ಟಿನಿಂದ ಎಲ್ಲ ಕಾರ್ಯವೂ ಆಗುವುದಿಲ್ಲವಷ್ಟೆ. ಶತ್ರುವಿನ ಆನೆಗಳೆಷ್ಟು, ಕುದುರೆಗಳೆಷ್ಟು, ಕೋಟೆಯ ಯಾವ ಮಗ್ಗುಲು ದುರ್ಬಲ ಎಂಬುದನ್ನು ತಿಳಿಸಲು ಬರೆಯಲೇ ಬೇಕು. ಈ ವಿಷಯದಲ್ಲಿ ನಮ್ಮ ಪೂರ್ವಿಕರಿಗಿದ್ದ ತಿಳಿವಳಿಕೆಯನ್ನು ಅರಿಯಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಬೇಕು. ಹೆಸರು ಮಾತ್ರ ಉಳಿದಿದ್ದ ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಗ್ರಂಥದ ಕಾಲದ ವಿಚಾರದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಚಾರರು ಅರಮನೆಯೊಳಗಿನ ಸುದ್ದಿಯನ್ನು ಹೊರಕ್ಕೆ ಸಾಗಿಸುವ ಬಗೆಗಳನ್ನು ಹೇಳುವಾಗ ಕೌಟಿಲ್ಯನು ಹಾಡು, ಪಾಠ, ವಾದ್ಯಭಾಂಡ, ಗೂಢಲೇಖ್ಯ, ಸಂಜ್ಞೆ ಇವುಗಳನ್ನು ಹೆಸರಿಸಿರುವನು. ಮದ್ದಳೆಯೊಡನೆ ಡೇರೆಯನ್ನು ಹೊಕ್ಕ ಕಾಜಿಯ ನೆನಪು ಇಲ್ಲಿ ಬಾರದಿರದು. ಗಡಿಯ ಹುಲ್ಲುಗಾವಲುಗಳ ಅಧಿಕಾರಿಗಾದರೋ, ಶತ್ರುಗಳ ಚಲನೆಯನ್ನು ಮುದ್ರೆ ಕಟ್ಟಿದ ಸಾಕುಪಾರಿವಾಳಗಳ ಮೂಲಕ, ಇಲ್ಲವೆ ಹೊಗೆ ಬೆಂಕಿಗಳ ಸಾಲಿನ ಮೂಲಕ ಅರಸನಿಗೆ ತಿಳಿಸಬೇಕೆಂದು ವಿಧಿಸಿರುವನು. ಬಯಲುಸೀಮೆಯಲ್ಲಿ ನೂರು ಮೀಟರು ಎತ್ತರದ ಗುಡ್ಡದ ಮೇಲೆ ನಿಂತವನಿಗೆ ದಿಗಂತವು ಸುಮಾರು 36 ಕಿಲೋಮೀಟರು ದೂರದಲ್ಲಿರುವುದೆಂದು ಲೆಕ್ಕ ಹಾಕಬಹುದು. ಅಂತಹ ಎರಡು ಗುಡ್ಡಗಳು 70 ಕಿಲೋಮೀಟರು ದೂರದಲ್ಲಿದ್ದರೂ ಒಂದರ ಬೆಂಕಿ ಇನ್ನೊಂದಕ್ಕೆ ಕಾಣಬಲ್ಲದು.

ಇಲ್ಲಿ ಒಂದು ಭೇದವನ್ನು ತಿಳಿಯುವುದು ಒಳ್ಳೆಯದು. ಬರೆಹವು ಕಂಡರೂ ಅರ್ಥವಾಗದಂತೆ ಮಾಡುವುದು ಒಂದು ವಿದ್ಯೆ. ಬರೆಹವಿದೆಯೆಂಬುದೇ ತಿಳಿಯದಂತೆ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮಲ್ಲಿ ಮೂಲದೇವೀಯವೆಂಬ ಹಳೆಯ ಪದ್ಧತಿಯುಂಟು. ಅದರಲ್ಲಿ ಅಕ್ಷರಗಳು ಜೋಡಿಜೋಡಿಯಾಗಿ ಸ್ಥಾನ ಬದಲಿಸುವುವು: ಚಕಾರಕ್ಕೆ ಟಕಾರ, ತಕಾರಕ್ಕೆ ಪಕಾರ, ನಕಾರಕ್ಕೆ ಮಕಾರ, ರಕಾರಕ್ಕೆ ಷಕಾರ, ಯಕಾರಕ್ಕೆ ಶಕಾರ, ಗಕಾರಕ್ಕೆ ಖಕಾರ, ಜೋಡಿಯಿಲ್ಲದವು ಇದ್ದಂತೆಯೇ ಉಳಿಯುವುವು. ಈ ಕ್ರಮದಲ್ಲಿ ಮಾನವಿಯು ‘ನಾಮವಿ’ಯಾಗುವುದು, ದೇವದುರ್ಗವು ‘ದೇವದುಷ್ಖ’ವಾಗುವುದು, ರಾಯಚೂರು ‘ಷಾಶಟೂಷು’ವಾಗುವುದು. ಬೇಕಾದವರು ತಮ್ಮ ಊರುಗಳ ಹೆಸರನ್ನು ತಿರುಗಿಸಿ ನೋಡಬಹುದು. ಆದರೆ ‘ಷಾಶಟೂಷು’ ಎಂದು ಬರೆದ ಚೀಟಿಯು ಕಡವಿನ ಕಾವಲಿನವನಿಗೆ ಸಿಕ್ಕಿತೆಂದರೆ, ಅರ್ಥವಾಗದಿದ್ದರೂ ಚೀಟಿ ತಂದವನ ತಲೆ ಉಳಿಯದು. ಆದಕಾರಣ ಬೇಹುಗಾರನಿಗೆ ಎರಡನೆಯ ವಿದ್ಯೆಯೇ ಪ್ರಾಣರಕ್ಷಕ.

ತಾಳೆಯೋಲೆಯನ್ನೇ ತೆಗೆದುಕೊಳ್ಳಿರಿ. ಕಂಟದಿಂದ ಗರಿಯ ಮೇಲೆ ಕೊರೆದ ಅಕ್ಷರಗಳಿಗೆ ಸ್ವತಃ ಬಣ್ಣವಿಲ್ಲ. ಎದುರಿನಿಂದ ಬೆಳಕು ಬಿದ್ದಾಗ ಕೊರೆದ ಗೀರೂ ಕೊರೆಯದ ಮೈಯೂ ಹೆಚ್ಚುಕಡಮೆ ಒಂದೇ ಸಮನಾಗಿ ಬೆಳಕನ್ನು ಚದರಿಸುವುದರಿಂದ ಓದುವುದು ಕಷ್ಟ. ದೀಪದ ಕಾಡಿಗೆಯನ್ನು ಸವರಿ ಒರಸಿದಾಗ ಮಾತ್ರ ಕರಿಯು ಗೀರುಗಳಲ್ಲಿ ನಿಂತು ಅಕ್ಷರಗಳು ಮೂಡುವುವು. ಓಲೆಯನ್ನು ಓರೆಯಾಗಿ ಹಿಡಿದು, ಬೆಳಕು ಮಗ್ಗುಲಿನಿಂದ ಸವರಿಕೊಂಡು ಹೋಗುವಂತೆ ಮಾಡಿದರೂ ಗೀರಿನ ಅಂಚುಗಳ ನೆರಳಿನಿಂದ ಬರೆಹವು ಕಾಣಿಸುವುದು. ಇಂದಿನ ಪತ್ತೆಗಾರರು ಒಂದು ಹಾಳೆಯ ಮೇಲೆ ಬರೆದಾಗ ಕೆಳಗಿನ ಹಾಳೆಯಲ್ಲಿ ಬಿದ್ದ ಒತ್ತುಗುರುತುಗಳನ್ನು ಓದಲು ಅನುಸರಿಸುವ ಉಪಾಯಗಳಲ್ಲಿ ಇದೂ ಒಂದು. ಓಲೆಯೆಂಬ ಪದಕ್ಕೆ ಪತ್ರವೆಂದೂ ಕಿವಿಯ ಆಭರಣವೆಂದೂ ಎರಡರ್ಥ. ಸುರುಳಿ ಮಾಡಿದ ಗರಿಯನ್ನೇ ಹೆಂಗಸರು ಕಿವಿಗೆ ಇಡುತ್ತಿದ್ದುದು ಇದಕ್ಕೆ ಕಾರಣ. ಕ್ರಿ. ಪೂ. ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಏನಿಯಾಸನು, ಸೀಸದ ತೆಳುತಗಡಿನ ಮೇಲೆ ಬರೆದು ಸುರುಳಿ ಸುತ್ತಿ ಹೆಂಗಸರ ಕಿವಿಗೆ ಓಲೆಯಾಗಿ ತೊಡಿಸಿ ಸುದ್ದಿಯನ್ನು ಸಾಗಿಸುವ ಉಪಾಯವನ್ನು ಬರೆದಿಟ್ಟಿದ್ದಾನೆ. ನಮ್ಮ ನಾಡಿನ ಬೇಹುಗಾರ್ತಿಯರೂ ಹೀಗೆ ಮಾಡಿದರೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಆದರೆ ಭಾಷೆಯು ಅದಕ್ಕೆ ಎಡೆಮಾಡಿಕೊಟ್ಟಿದೆಯೆಂಬುದು ತಮಾಷೆಯ ಸಂಗತಿ.

ಇನ್ನು ಕಾಣದ ಮಸಿಯ ವಿಚಾರ. ನಿಂಬೆಯ ರಸದಿಂದ ಬರೆದು, ಒಣಗಿದ ಮೇಲೆ ಕಾಗದವನ್ನು ಬಿಸಿಮಾಡಿದರೆ ಕಂದುಬಣ್ಣದ ಅಕ್ಷರಗಳು ಮೂಡುವುದನ್ನು ಶಾಲೆಯ ಹುಡುಗರೂ ಬಲ್ಲರು. ರಸದಲ್ಲಿರುವ ಆಮ್ಲ ಸಕ್ಕರೆಗಳು ಕಾಗದವು ಕಪ್ಪಾಗುವುದಕ್ಕಿಂತ ಮೊದಲೇ, ಕಡಮೆ ಉಷ್ಣದಲ್ಲಿಯೇ, ಸೀಯುವುದು ಇದಕ್ಕೆ ಕಾರಣ. ರಾಯಚೂರಿನ ಬೇಸಗೆಯ ಬಿಸಿಲಿಗೇ ಅಕ್ಷರಗಳು ಬಯಲಾಗಲಾರವೆ ಎಂದು ನಮ್ಮ ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುವರು. ನಮ್ಮ ಬಿಸಿಲು ಎಷ್ಟು ಕಠಿಣವಾಗಿದ್ದರೂ ಗಾಳಿಯ ಉಷ್ಣವು ನೀರು ಕುದಿಯುವ ಮಟ್ಟದ ಅರ್ಧಕ್ಕೂ ಏರುವುದಿಲ್ಲ. ಸೀಯಿಸಲು ಕುದಿಯುವ ಮಟ್ಟವನ್ನು ಮೀರಿದ ಕಾವು ಬೇಕು. ಬಿಸಿ ಇಸ್ತ್ರಿಪೆಟ್ಟಿಗೆಯು ಆ ಕೆಲಸವನ್ನು ಅರೆನಿಮಿಷದಲ್ಲಿ ಮಾಡುವುದು.

ಇಷ್ಟು ಸುಲಭವಾದ ಮಸಿಯೇ ಜೀವವನ್ನೂ ತೆಗೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಇಂಗ್ಲೆಂಡಿನಲ್ಲಿ ಬೇಹು ನಡೆಸುತ್ತಿದ್ದ ಕಾರ್ಲ್ ಮುಲ್ಲರನು ಸಾಧಾರಣ ಪತ್ರಗಳ ಸಾಲುಗಳ ನಡುವೆ ನಿಂಬೆರಸದಿಂದ ಸೈನ್ಯದ ಸುದ್ದಿಯನ್ನು ಬರೆದು ಕಳುಹಿಸುತ್ತಿದ್ದನು. ಅಂಚೆಯ ತಪಾಸಣೆಯವರು ಪತ್ರವನ್ನು ಕಾಯಿಸಿ ನೋಡಿದರು. ಅವನ ಬಳಿ ಸಿಕ್ಕಿದ ನಿಂಬೆಯ ಹಣ್ಣು ಹಲ್ಲುಜ್ಜಲೆಂದು ಇಟ್ಟುಕೊಂಡದ್ದೆಂದು ಅವನು ಹೇಳಿಕೊಂಡನಂತೆ. ಆದರೆ ಅವನ ಲೇಖನಿಯ ಮುಳ್ಳಿನಲ್ಲಿಯೂ ನಿಂಬೆಯ ಅಂಶವಿದ್ದಿತು. 1915ರ ಜೂನ್ 23ರಂದು ಲಂಡನ್ನಿನ ಗೋಪುರದಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಅವನು ಸತ್ತ ಮೇಲೂ ಬ್ರಿಟಿಷರು ಅವನ ಹೆಸರಿನಲ್ಲಿ ಸುಳ್ಳು ಸುದ್ದಿಗಳನ್ನು ಬರೆದು ಜರ್ಮನರಿಂದ ಹಣವನ್ನು ತರಿಸಿಕೊಂಡರು. ಒಣಗಿ ಕಪ್ಪಾದ ಆ ನಿಂಬೆಯು ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿ ಸಾಕ್ಷಿಯಾಗಿ ಉಳಿದಿದೆ.

ಬಿಸಿಮಾಡಿದರೆ ಹೊರಬೀಳುವ ಮಸಿಯು ಬೇಹುಗಾರನಿಗೆ ಅಪಾಯವೇ. ಕಾಯಿಸಿ ನೋಡುವುದು ಯಾರಿಗೂ ಮೊದಲು ಹೊಳೆಯುವ ಉಪಾಯ. ಆದುದರಿಂದ ನಿರ್ದಿಷ್ಟ ದ್ರವವೊಂದಕ್ಕೆ ಮಾತ್ರ ಓಗೊಡುವ ಮಸಿಗಳನ್ನು ಹುಡುಕಿದರು. ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕುವ ಎರಡು ಪದಾರ್ಥಗಳಿಂದ ವಾಚಕರು ಇದನ್ನು ಪರೀಕ್ಷಿಸಬಹುದು. ಅನ್ನಭೇದಿಯನ್ನು ನೀರಿನಲ್ಲಿ ತೆಳುವಾಗಿ ಕರಗಿಸಿ ಬರೆಯಿರಿ. ಒಣಗಿದರೆ ಕಾಣದು, ಕಂಡರೂ ಬಲು ಮಸಕು. ಅಳಲೆಕಾಯಿಯನ್ನು ಜಜ್ಜಿ ನೆನೆಹಾಕಿದ ನೀರನ್ನು ಹತ್ತಿಯಿಂದ ಮೇಲೆ ಸವರಿದರೆ ಅಕ್ಷರಗಳು ಕಪ್ಪಾಗಿ ಏಳುವುವು. ಅನ್ನಭೇದಿಯ ಕಬ್ಬಿಣವೂ ಅಳಲೆಯ ಒಗರೂ ಕೂಡಿ ನಮ್ಮ ಹಿರಿಯರು ಬಳಸುತ್ತಿದ್ದ ಕರಿಮಸಿಯೇ ಅಲ್ಲಿ ಹುಟ್ಟುವುದು. ಮಸಿಯ ಅರ್ಧವನ್ನು ಇಲ್ಲಿ ಬರೆದು, ಉಳಿದರ್ಧವನ್ನು ಓದುವವನ ಮನೆಯಲ್ಲಿ ಇಟ್ಟಂತಾಯಿತು! ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ನನ ಬೇಹುಗಾರರಿಗೆ ಜೇಮ್ಸ್ ಜೇ ಎಂಬ ವೈದ್ಯನು ಒದಗಿಸಿದ ಮಸಿಯೂ ಇದೇ ಜಾತಿಯದೆಂದು ರಸಾಯನಜ್ಞರ ಊಹೆ. ಮಾನವಿಯ ಕಡೆಯ ಗದ್ದೆಗಳಲ್ಲಿ ಬೆಳೆದ ಅಕ್ಕಿಯ ಗಂಜಿಯೂ ಸಾಕು: ತಿಳಿಗಂಜಿಯಿಂದ ಬರೆದುದರ ಮೇಲೆ ನೀರು ಬೆರೆಸಿದ ಅಯೊಡೀನನ್ನು ಸವರಿದರೆ ನೀಲಿ ಅಕ್ಷರಗಳು. ಕೆಲವು ಕಾಗದಗಳಿಗೆ ಕಾರಖಾನೆಯಲ್ಲಿಯೇ ಗಂಜಿ ಹಾಕಿರುವುದರಿಂದ ಹಾಳೆಯೇ ನೀಲಿಯಾಗುವುದುಂಟು; ಮೊದಲು ಒಂದು ಮೂಲೆಯಲ್ಲಿ ನೋಡಿಕೊಳ್ಳಬೇಕು.

ಈ ಸ್ಪರ್ಧೆಯಲ್ಲಿ ಪತ್ತೆಗಾರರು ಕೊಟ್ಟ ಉತ್ತರವು ನಮಗೆ ಬಹಳ ಮೆಚ್ಚಿಕೆಯಾದುದು. ಮಸಿ ಯಾವುದೆಂದು ಹುಡುಕುವ ಗೊಡವೆಯನ್ನೇ ಅವರು ಬಿಟ್ಟರು. ಯಾವ ಮಸಿಯಿಂದ ಬರೆದರೂ, ಬರಿಯ ನೀರಿನಿಂದ ಬರೆದರೂ, ಕಾಗದದ ಎಳೆಗಳು ನೆನೆದು ಉಬ್ಬಿ ಮೊದಲಿನಂತೆ ಕೂರುವುದಿಲ್ಲ. ಅಯೊಡೀನಿನ ಆವಿಯನ್ನು ಹಾಯಿಸಿದರೆ ಅದು ಕೆದರಿದ ಎಳೆಗಳಲ್ಲಿ ಹೆಚ್ಚಾಗಿ ನೆಲೆಸಿ, ಬರೆದ ಜಾಡು ಕಂದಾಗಿ ತೋರುವುದು. ಅದಕ್ಕೆ ಬೇಹುಗಾರರು ಬರೆದ ಮೇಲೆ ಇಡೀ ಹಾಳೆಯನ್ನೇ ತೇವಮಾಡಿ ಒತ್ತಿ ಒಣಗಿಸತೊಡಗಿದರು. ಎಲ್ಲ ಎಳೆಗಳೂ ಕೆದರಿದ ಮೇಲೆ ಆವಿಗೆ ಭೇದವೆಲ್ಲಿಯದು? ಮುಂದೆ ಅತಿನೇರಿಳೆ ಕಿರಣಗಳ ದೀಪಗಳು ಬಂದುವು. ಕಣ್ಣಿಗೆ ಕಾಣದ ಆ ಕಿರಣಗಳನ್ನು ಹೀರಿ ಕಾಣುವ ಬೆಳಕನ್ನು ಹೊರಸೂಸುವ ಗುಣವು ಕ್ವಿನೈನ್ ಮೊದಲಾದ ಎಷ್ಟೋ ವಸ್ತುಗಳಿಗಿದೆ. ಇಂತಹ ಮಸಿಯು ಕತ್ತಲೆಕೋಣೆಯಲ್ಲಿ ಮಿಣುಕುಹುಳದಂತೆ ಹೊಳೆದು ತನ್ನನ್ನು ತಾನೇ ತೋರಿಸಿಕೊಳ್ಳುವುದು.

ಮಸಿಯನ್ನು ಬಿಟ್ಟು ಕಾಗದವನ್ನೇ ಅಡಗಿಸುವ ಮಾರ್ಗವೂ ಹಳೆಯದು. 1857ರಲ್ಲಿ ಲಖನೌದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಇಂಗ್ಲಿಷರ ಪತ್ರಗಳನ್ನು ಅಂಗದ ಎಂಬ ದೂತನು ಹಕ್ಕಿಯ ಗರಿಯ ಟೊಳ್ಳಿನಲ್ಲಿ ತುರುಕಿ ಒಯ್ಯುತ್ತಿದ್ದನು. ಸಿಪಾಯಿಗಳ ಕಡೆ ಇಂಗ್ಲಿಷ್ ಬಲ್ಲವರಿರುವರೆಂದು ಅವನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದರು. ಆ ಕಾಲಕ್ಕೆ ಇತ್ತ ದೇವದುರ್ಗದಿಂದ ಕೃಷ್ಣೆಯಾಚೆಗಿರುವ ಸುರಪುರದಲ್ಲಿಯೂ ರಾಜಾ ವೆಂಕಟಪ್ಪ ನಾಯಕನ ಮೇಲೆ ಕಂಪನಿಯವರ ಗುಮಾನಿ ಬಲಿಯುತ್ತಲಿತ್ತು. 1858ರ ಫೆಬ್ರವರಿಯಲ್ಲಿ ಅಲ್ಲಿ ಕದನವೇ ನಡೆಯಿತು.

1916ರ ರೇಷ್ಮೆಪತ್ರಗಳ ಪ್ರಸಂಗವಂತೂ ನಮ್ಮ ಸ್ವಾತಂತ್ರ್ಯ ಹೋರಾಟದ ಒಂದು ವಿಷಾದದ ಅಧ್ಯಾಯ. ಕಾಬೂಲಿನಲ್ಲಿದ್ದ ಮೌಲಾನಾ ಉಬೇದುಲ್ಲಾ ಸಿಂಧಿಯವರು ಬ್ರಿಟಿಷರ ವಿರುದ್ಧ ನಡೆದಿದ್ದ ಸಿದ್ಧತೆಗಳನ್ನು ಹಳದಿ ರೇಷ್ಮೆಯ ತುಂಡುಗಳ ಮೇಲೆ ಬರೆದು, ದೂತನ ಅಂಗಿಯ ಒಳಪದರದಲ್ಲಿ ಹೊಲಿಸಿ ಭಾರತಕ್ಕೆ ಕಳುಹಿಸಿದರು. ರೇಷ್ಮೆಯೇ ಏಕೆ? ಕಾಗದವು ಮಡಿಸಿದೆಡೆ ಗೆರೆಗಟ್ಟುವುದು, ಬೆವರಿಗೆ ನೆನೆಯುವುದು, ಕೈಯಿಂದ ತಡವಿದರೆ ಸರಸರ ಸದ್ದು ಮಾಡುವುದು. ಬಟ್ಟೆಯೊಳಗಿನ ಬಟ್ಟೆಗೆ ಆ ದೋಷವಾವುದೂ ಇಲ್ಲ. ಗಡಿಯ ತಪಾಸಣೆಯಲ್ಲಿ ಅದು ಗೆದ್ದಿತು. ಆದರೆ ದೂತನು ಮುಲ್ತಾನಿನಲ್ಲಿ ತನ್ನ ಹಳೆಯ ಒಡೆಯನ ಮನೆಗೆ ಹೋಗಿ, ಅವನ ಒತ್ತಾಯಕ್ಕೆ ಸೋತು ಗುಟ್ಟನ್ನು ಬಿಟ್ಟುಕೊಟ್ಟನು. ಪತ್ರಗಳು ಸರ್ಕಾರದ ಕೈಸೇರಿ, ದೇಶದ ನಾನಾ ಕಡೆ ಬಂಧನಗಳಾದುವು. ಕಾವಲಿನವನಿಗೆ ಹೆದರದವನು ಉಪ್ಪಿನ ಋಣಕ್ಕೆ ಹೆದರಿದನು.

ಬರೆಹವನ್ನು ಕುಗ್ಗಿಸಿದಷ್ಟೂ ಅಡಗಿಸುವುದು ಸುಲಭ. 1870-71ರಲ್ಲಿ ಪ್ಯಾರಿಸ್ ನಗರವನ್ನು ಜರ್ಮನರು ಮುತ್ತಿದಾಗ ರೆನೆ ದಾಗ್ರೋನನು ಸಾವಿರಾರು ಸಂದೇಶಗಳನ್ನು ತೆಳುವಾದ ಫಿಲ್ಮುಗಳ ಮೇಲೆ ಕಿರಿದಾಗಿ ಮುದ್ರಿಸಿ ಪಾರಿವಾಳಗಳ ಮೂಲಕ ಕಳುಹಿಸಿದನು. ಒಂದೊಂದು ಫಿಲ್ಮಿನ ತೂಕ ಗ್ರಾಮಿನ ಇಪ್ಪತ್ತನೆಯ ಒಂದು ಭಾಗ. ಅವನ್ನು ಸುರುಳಿ ಮಾಡಿ ಗರಿಯ ಕೊಳವೆಯಲ್ಲಿಟ್ಟು ಹಕ್ಕಿಯ ಬಾಲಕ್ಕೆ ಕಟ್ಟುತ್ತಿದ್ದರು. ಇದರ ಕೊನೆಯ ಮೆಟ್ಟಿಲೇ ಸೂಕ್ಷ್ಮಬಿಂದು. ಒಂದು ಹಾಳೆಯಷ್ಟು ಬರೆಹವನ್ನು ವಾಕ್ಯದ ಕೊನೆಯ ಚುಕ್ಕೆಯಷ್ಟಕ್ಕೆ ಇಳಿಸುವ ಛಾಯಾಗ್ರಹಣವನ್ನು ಇಮಾನುಯೆಲ್ ಗೋಲ್ಡ್‌ಬರ್ಗನು 1925ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಅದನ್ನು ಬೇಹಿಗೆ ಬಳಸಿದರು. 1941ರ ಆಗಸ್ಟಿನಲ್ಲಿ ದುಷ್ಕೊ ಪೊಪೊವ್ ಎಂಬ ಇಬ್ಬಗೆಯ ಬೇಹುಗಾರನು ಅದರ ಮಾದರಿಗಳನ್ನು ಅಮೆರಿಕದ ಪೋಲೀಸರಿಗೆ ಒಪ್ಪಿಸಿದನು.

ಇದು ಎಲ್ಲಿಯವರೆಗೆ ಸಾಧ್ಯ? 20 ಸೆಂಟಿಮೀಟರು ಉದ್ದದ ಹಾಳೆಯನ್ನು ಒಂದು ಮಿಲಿಮೀಟರಿಗೆ ಇಳಿಸಿದರೆ 200 ಪಟ್ಟು ಕುಗ್ಗಿಸಿದಂತಾಯಿತು. 2 ಮಿಲಿಮೀಟರು ಎತ್ತರದ ಅಕ್ಷರವು ಮಿಲಿಮೀಟರಿನ ನೂರನೆಯ ಒಂದು ಭಾಗವಾಗುವುದು. ಅಕ್ಷರದ ಗೆರೆಯ ದಪ್ಪವು ಸುಮಾರು 600ನೆಯ ಒಂದು ಭಾಗ. ಹಸಿರು ಬೆಳಕಿನ ಅಲೆಯ ಉದ್ದವೇ ಮಿಲಿಮೀಟರಿನ ಸುಮಾರು 2,000ನೆಯ ಒಂದು ಭಾಗ. ಅಲೆಯ ಉದ್ದಕ್ಕಿಂತ ಬಹಳ ಕಿರಿದಾದ ವಿವರವನ್ನು ಬೆಳಕು ಚಿತ್ರಿಸಲಾರದು. ಬಾಗುತನದಿಂದ ಗೆರೆಗಳು ಒಂದರಲ್ಲೊಂದು ಕಲೆತುಹೋಗುವುವು. ಎಂದರೆ ಸೂಕ್ಷ್ಮಬಿಂದುವನ್ನು ಮಾಡಿದವರು ಪ್ರಕೃತಿಯ ಎಲ್ಲೆಯ ಸಮೀಪಕ್ಕೇ ಹೋಗಿದ್ದರು. ಇನ್ನೂ ಹತ್ತು ಪಟ್ಟು ಕುಗ್ಗಿಸುವುದು ಕಣ್ಣಿಗೆ ಕಾಣುವ ಬೆಳಕಿನಿಂದ ಆಗದು. ಕನ್ನಡದಲ್ಲಿ ಬರೆದಿದ್ದರೆ ಒತ್ತಕ್ಷರಗಳು ಮೊದಲು ಮಸಕಾಗಿ, ‘ಅಣ್ಣ’ನು ‘ಅಣ’ನಾಗುತ್ತಿದ್ದನೆಂದು ತೋರುತ್ತದೆ.

1953ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ವೃತ್ತಪತ್ರಿಕೆ ಹಂಚುವ ಹುಡುಗನೊಬ್ಬನ ಕೈಯಿಂದ ಒಂದು ನಾಣ್ಯವು ಬಿದ್ದು ಎರಡು ಹೋಳಾಯಿತು. ಒಳಗಿನ ಟೊಳ್ಳಿನಲ್ಲಿ ಅಂಕಿಗಳ ಸಾಲುಗಳಿದ್ದ ಪುಟ್ಟ ಛಾಯಾಚಿತ್ರ. ನಾಲ್ಕು ವರ್ಷ ಆ ಅಂಕಿಗಳನ್ನು ಯಾರೂ ಬಿಡಿಸಲಾರದೆ ಹೋದರು. 1957ರಲ್ಲಿ ಸೋವಿಯತ್ ಬೇಹುಗಾರನೊಬ್ಬನು ಪಕ್ಷಾಂತರ ಮಾಡಿ ಕೀಲಿಯನ್ನು ಹೇಳಿದಾಗಲೇ ಅರ್ಥ ತಿಳಿದುದು. ಅವನ ಸುಳಿವಿನಿಂದಲೇ ರುಡಾಲ್ಫ್ ಏಬೆಲ್ ಸಿಕ್ಕಿಬಿದ್ದನು.

ನಮ್ಮ ಕಾಲದ ಗುಪ್ತ ಓಲೆಗೆ ಕಾಗದವೂ ಬೇಡ, ಫಿಲ್ಮೂ ಬೇಡ. ದೂರವಾಣಿಯಲ್ಲಿ ತೆಗೆದ ಬಣ್ಣದ ಚಿತ್ರವು ಲಕ್ಷಗಟ್ಟಲೆ ಚುಕ್ಕೆಗಳ ಸಮೂಹವಷ್ಟೆ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಸೂಚಿಸುವ ಮೂರು ಸಂಖ್ಯೆಗಳು. ಪ್ರತಿಯೊಂದೂ ಸೊನ್ನೆಯಿಂದ 255ರವರೆಗೆ. ಕೆಂಪು 200 ಇದ್ದುದು 201 ಆದರೆ ಯಾವ ಕಣ್ಣಿಗೂ ತಿಳಿಯದು. ಆದುದರಿಂದ ಪ್ರತಿ ಸಂಖ್ಯೆಯನ್ನೂ ಸಮವೋ ಬೆಸವೋ ಆಗುವಂತೆ ತಿದ್ದಿದರೆ ಒಂದೊಂದರಲ್ಲೂ ಒಂದು ಬಿಟ್ ಸುದ್ದಿಯನ್ನು ಅಡಗಿಸಬಹುದು. ಸಾವಿರಕ್ಕೆ ಸಾವಿರ ಚುಕ್ಕೆಗಳ ಚಿತ್ರದಲ್ಲಿ 30 ಲಕ್ಷ ಬಿಟ್‌ಗಳು. ಗಣಕಯಂತ್ರದಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ ಸಾಮಾನ್ಯವಾಗಿ 24 ಬಿಟ್‌ಗಳು ಬೇಕಾಗುವುದರಿಂದ ಸುಮಾರು 1,25,000 ಚಿಹ್ನೆಗಳು ಹಿಡಿಸುವುವು. ನೀವು ಓದುತ್ತಿರುವ ಈ ಲೇಖನದಂತಹವು ಐದಾರು ಅದರಲ್ಲಿ ನಿರಾಯಾಸವಾಗಿ ಅಡಗಬಲ್ಲವು. 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಸೆರೆಸಿಕ್ಕಿದ ಹತ್ತು ಮಂದಿ ರಷ್ಯನ್ ಬೇಹುಗಾರರಲ್ಲಿ ಕೆಲವರು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತಿದ್ದ ಸಾಧಾರಣ ಚಿತ್ರಗಳೊಳಗೆ ಸಂದೇಶಗಳನ್ನು ಅಡಗಿಸುತ್ತಿದ್ದರು.

ಇದಕ್ಕೂ ಪತ್ತೆಯ ಉಪಾಯವಿಲ್ಲದಿಲ್ಲ. ಸ್ವಾಭಾವಿಕವಾದ ಚಿತ್ರದಲ್ಲಿ, ಮುಖ್ಯವಾಗಿ ಆಕಾಶ, ಗೋಡೆ ಮುಂತಾದ ಒಂದೇ ಬಣ್ಣದ ಭಾಗಗಳಲ್ಲಿ, ಅಕ್ಕಪಕ್ಕದ ಚುಕ್ಕೆಗಳ ಸಂಖ್ಯೆಗಳಿಗೆ ಒಂದು ಸಂಬಂಧವಿರುವುದು. ಸುದ್ದಿಯನ್ನು ತುಂಬಿದಾಗ ಸಮ ಬೆಸಗಳು ನಾಣ್ಯವನ್ನು ಚಿಮ್ಮಿದಂತೆ ಎರ್ರಾಬಿರ್ರಿಯಾಗುವುವು. ಗಣಕಯಂತ್ರವು ಆ ಅವ್ಯವಸ್ಥೆಯನ್ನು ಎಣಿಸಿ ಹಿಡಿಯಬಲ್ಲದು. ನಾವು ವಿದ್ಯಾರ್ಥಿಗಳೊಡನೆ ಕಾಲೇಜಿನ ಗಣಕಯಂತ್ರದಲ್ಲಿ ರಾಯಚೂರು ಕೋಟೆಯ ಒಂದು ಚಿತ್ರದೊಳಗೆ ನಾಲ್ಕು ಸಾಲುಗಳನ್ನು ಅಡಗಿಸಿ ಮತ್ತೆ ಹೊರತೆಗೆದೆವು. ಅದೇ ಚಿತ್ರವನ್ನು ದೂರವಾಣಿಯ ಸಂದೇಶಸೇವೆಯ ಮೂಲಕ ದೇವದುರ್ಗದಲ್ಲಿರುವ ಒಬ್ಬ ವಿದ್ಯಾರ್ಥಿಗೆ ಕಳುಹಿಸಿದಾಗ ಕೋಟೆಯು ಮಾತ್ರ ತಲುಪಿತು, ಸಾಲುಗಳು ತಲುಪಲಿಲ್ಲ. ಚಿತ್ರದ ಗಾತ್ರವನ್ನು ಕುಗ್ಗಿಸುವ ಸಲುವಾಗಿ ಅಂತಹ ಸೇವೆಗಳು ಕಣ್ಣಿಗೆ ಕಾಣದ ಸಣ್ಣ ವ್ಯತ್ಯಾಸಗಳನ್ನೆಲ್ಲ ಒರಸಿಹಾಕುವುವು. ಸುದ್ದಿಯು ಅಡಗಿದ್ದುದು ಅಲ್ಲಿಯೇ. ಚಿತ್ರವಾಗಿ ಕಳುಹಿಸದೆ ಕಡತವಾಗಿ ಕಳುಹಿಸಿದಾಗ ನಾಲ್ಕು ಸಾಲುಗಳೂ ತಪ್ಪಿಲ್ಲದೆ ತಲುಪಿದುವು.